ಮೊಡವೆಗೆ ನೀಲಿ ಬೆಳಕು: ಕಂದು ಚರ್ಮದವರು ಮೊದಲು ನೋಡಬೇಕಾದ ಲೆಕ್ಕ

ಮೊಡವೆ ಹರೆಯದ್ದು, ಮದುವೆಯಾದರೆ ತಾನೇ ಹೋಗುತ್ತದೆ ಎಂಬ ಮಾತು ಕೋಲಾರದ ಕಡೆ ಈಗಲೂ ಕೇಳಿಬರುತ್ತದೆ. ಆದರೆ ನರಸಾಪುರ, ವೇಮಗಲ್‌ ಕಾರ್ಖಾನೆಗಳಲ್ಲಿ ಪಾಳಿ ಮಾಡುವ, ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ರೈಲು ಹತ್ತುವ ಹೆಣ್ಣುಮಕ್ಕಳಿಗೆ ಮೂವತ್ತು ದಾಟಿದ ಮೇಲೂ ಗಲ್ಲ, ದವಡೆಯಂಚು, ಕತ್ತಿನಲ್ಲಿ ಮುಟ್ಟಿದರೆ ನೋಯುವ ಗುಳ್ಳೆಗಳು ಏಳುವುದುಂಟು. ಇಪ್ಪತ್ತೈದರ ನಂತರವೂ ಉಳಿದರೆ, ಅಥವಾ ಆಮೇಲೆ ಹೊಸದಾಗಿ ಶುರುವಾದರೆ, ಅದನ್ನು ವಯಸ್ಕರ ಮೊಡವೆ ಎನ್ನುತ್ತಾರೆ. ಇಂಥವರ ಮೊಬೈಲಿಗೆ ಈಗ ನೀಲಿ, ಕೆಂಪು ದೀಪದ ಮುಖವಾಡಗಳ ಜಾಹೀರಾತು ಬರುತ್ತಿವೆ. ಬೆಳಕಿನಿಂದ ಮೊಡವೆ ತಗ್ಗುವುದು ಸುಳ್ಳಲ್ಲ. ಯಾವ ಬೆಳಕು, ಎಷ್ಟು ಹೊತ್ತು, ಎಂಥ ಮೊಡವೆಗೆ, ಯಾವ ಬಣ್ಣದ ಚರ್ಮಕ್ಕೆ ಎಂಬುದು ತಿಳಿದ ಮೇಲೆ ದುಡ್ಡು ಬಿಚ್ಚುವುದು ಒಳ್ಳೆಯದು. ಕೊನೆಯ ಪ್ರಶ್ನೆಯೇ ನಮಗೆ ಮುಖ್ಯವಾದದ್ದು, ಜಾಹೀರಾತುಗಳು ಮುಟ್ಟದಿರುವುದೂ ಅದನ್ನೇ.

ರೋಮಕೂಪದ ಬಾಯಿಯನ್ನು ಸತ್ತ ಜೀವಕೋಶಗಳು ಮುಚ್ಚಿದಾಗ ಒಳಗೆ ಎಣ್ಣೆ ಕಟ್ಟಿಕೊಳ್ಳುತ್ತದೆ. ಗಾಳಿಯಾಡದ ಆ ಜಾಗದಲ್ಲಿ ಕ್ಯೂಟಿಬ್ಯಾಕ್ಟೀರಿಯಮ್‌ ಆಕ್ನೆಸ್‌ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ಅದು ತನ್ನ ಪಾಡಿಗೆ ಪಾರ್ಫಿರಿನ್‌ ಎಂಬ ವರ್ಣದ್ರವ್ಯ ತಯಾರಿಸುತ್ತಿರುತ್ತದೆ. ಚರ್ಮವೈದ್ಯರು ಕೋಣೆ ಕತ್ತಲು ಮಾಡಿ ಅತಿನೇರಳೆ ಬೆಳಕು ಬಿಡುವ ವುಡ್ಸ್‌ ಲ್ಯಾಂಪ್‌ ಹಿಡಿದಾಗ ಮೂಗಿನ ಮೇಲೆ, ಮೂಗಿನ ಪಕ್ಕದಲ್ಲಿ ಕಿತ್ತಳೆಗೆಂಪು ಚುಕ್ಕೆಗಳು ಮಿನುಗುತ್ತವಲ್ಲ, ಅದೇ ಈ ಪಾರ್ಫಿರಿನ್‌. 405ರಿಂದ 420 ನ್ಯಾನೊಮೀಟರ್‌ ತರಂಗಾಂತರದ ನೇರಳೆ-ನೀಲಿ ಬೆಳಕನ್ನು ಅದು ಬೇರೆ ಯಾವ ಬೆಳಕಿಗಿಂತ ಹೆಚ್ಚು ಹೀರುತ್ತದೆ. ಹೀರಿದ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ, ಹಾಗೆ ಕೆರಳಿದ ಆಮ್ಲಜನಕ ಬ್ಯಾಕ್ಟೀರಿಯಾದ ಪೊರೆಯನ್ನೇ ಹರಿಯುತ್ತದೆ. ಆಂಟಿಬಯೋಟಿಕ್‌ಗೆ ಒಗ್ಗಿಹೋದ ತಳಿಗಳೂ ಇದಕ್ಕೆ ಸಿಕ್ಕಿಬೀಳುತ್ತವೆ. ಈ ಚಿಕಿತ್ಸೆಯಲ್ಲಿ ನಿಜಕ್ಕೂ ಮೆಚ್ಚಬೇಕಾದ ಗುಣ ಇದು.

ನೀಲಿಯಾಗಿ ಕಾಣುವ ದೀಪವೆಲ್ಲ ಈ ಕೆಲಸ ಮಾಡುವುದಿಲ್ಲ. ಮನೆಯ ಬಿಳಿ ಎಲ್‌ಇಡಿ ಬಲ್ಬಿನ ನೀಲಿ ಅಂಶ 450ರ ಆಸುಪಾಸಿನದು, ಅಲಂಕಾರದ ನೀಲಿ ಸರಮಾಲೆಗಳದು 460-470. ಕಣ್ಣಿಗೆ ಅದೂ ನೀಲಿಯೇ, ಆದರೆ ಪಾರ್ಫಿರಿನ್‌ ಅದನ್ನು ಹೀರುವುದು ತೀರಾ ಕಡಿಮೆ. ಪೆಟ್ಟಿಗೆಯ ಮೇಲೆ ನ್ಯಾನೊಮೀಟರ್‌ ಬರೆಯದೆ ಬರೀ ‘ಏಳು ಬಣ್ಣ’ ಎಂದು ಹಾಕಿರುವ ಮುಖವಾಡ ಕೊಳ್ಳಬೇಡಿ. ಮೊಡವೆಗೆ ಒಂದಿಷ್ಟಾದರೂ ಪುರಾವೆ ಇರುವುದು ನೀಲಿಗೆ, ಕೆಂಪಿಗೆ. ಹಸಿರು, ಹಳದಿ ಬಟನ್‌ಗಳಿಗಾಗಿ ದುಡ್ಡು ಕೊಡುವುದು ದಂಡ.

ಎರಡನೆಯದು ಡೋಸ್‌. ಟೊಮೆಟೊ ಹೊಲಕ್ಕೆ ಡ್ರಿಪ್‌ ಹಾಕುವವರಿಗೆ ಇದು ಗೊತ್ತಿರುವ ಲೆಕ್ಕವೇ: ಗಂಟೆಗೆ ಎಷ್ಟು ಲೀಟರ್‌ ಬಿಡುತ್ತದೆ, ಎಷ್ಟು ಗಂಟೆ ಬಿಟ್ಟಿರಿ ಎಂಬುದರ ಗುಣಾಕಾರ. ಬೆಳಕಿನ ತೀವ್ರತೆಯನ್ನು ಚದರ ಸೆಂಟಿಮೀಟರಿಗೆ ಇಷ್ಟು ಮಿಲಿವ್ಯಾಟ್‌ ಎಂದು ಅಳೆಯುತ್ತಾರೆ. ಅದನ್ನು ಸೆಕೆಂಡುಗಳಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಬರುವುದು ಚದರ ಸೆಂಟಿಮೀಟರಿಗೆ ಇಷ್ಟು ಜೂಲ್‌. ಕ್ಲಿನಿಕ್ಕಿನ 40 ಮಿಲಿವ್ಯಾಟ್‌ ಪ್ಯಾನೆಲ್‌ ಮುಂದೆ 20 ನಿಮಿಷ ಕೂತರೆ 48 ಜೂಲ್‌. ಮನೆಯ ಮುಖವಾಡ 5 ಮಿಲಿವ್ಯಾಟಿನದಾಗಿದ್ದು 10 ನಿಮಿಷಕ್ಕೆ ತಾನೇ ಆರಿಹೋದರೆ ಸಿಕ್ಕಿದ್ದು 3 ಜೂಲ್‌, ಹದಿನಾರರಲ್ಲಿ ಒಂದು ಪಾಲು. ಮನೆಯ ಸಾಧನವನ್ನು ದಿನಾ ಬಳಸಿ ಎನ್ನುವುದು ಇದಕ್ಕೇ. ವಾರಕ್ಕೊಮ್ಮೆ ನೆನಪಾದಾಗ ಹಾಕಿಕೊಂಡರೆ ಏನೂ ಪ್ರಯೋಜನವಿಲ್ಲ. ಪ್ಯಾನೆಲ್ಲಿನಿಂದ ಹಿಂದೆ ಸರಿದಷ್ಟೂ ತೀವ್ರತೆ ಕುಸಿಯುತ್ತದೆ, ಹಾಗಾಗಿ ಕಂಪನಿ ಹೇಳಿದ ದೂರವನ್ನು ಸ್ಕೇಲಿನಿಂದ ಅಳೆದೇ ಕೂರಬೇಕು.

ನೀಲಿ ಬೆಳಕು ಚರ್ಮದೊಳಗೆ ಒಂದು ಮಿಲಿಮೀಟರ್‌ ಕೂಡ ಸರಿಯಾಗಿ ಇಳಿಯುವುದಿಲ್ಲ. 630ರ ಆಸುಪಾಸಿನ ಕೆಂಪು ಇನ್ನೂ ಆಳಕ್ಕೆ ಹೋಗುತ್ತದೆ. ಪಾರ್ಫಿರಿನ್‌ ಅದನ್ನು ಅಷ್ಟಾಗಿ ಹೀರದಿದ್ದರೂ ಉರಿಯೂತ ತಗ್ಗುತ್ತದೆ. ಆದ್ದರಿಂದಲೇ ಎರಡನ್ನೂ ಜೊತೆಗೂಡಿಸುವುದು. 2000ದಲ್ಲಿ ಪ್ರಕಟವಾದ, 107 ಮಂದಿಯ ಮೇಲೆ ನಡೆದ ಬ್ರಿಟನ್ನಿನ ಪ್ರಯೋಗದಲ್ಲಿ ನೀಲಿ-ಕೆಂಪು ಎರಡನ್ನೂ ದಿನಾ ಪಡೆದವರ ಕೆಂಪು ಗುಳ್ಳೆಗಳು 12 ವಾರದಲ್ಲಿ ಸರಾಸರಿ ಶೇ 76ರಷ್ಟು ಸುಧಾರಿಸಿದ್ದವು. ಇದೇ ಅಂಕಿಯನ್ನು ಎಲ್ಲ ಮಾರಾಟಗಾರರೂ ತೋರಿಸುತ್ತಾರೆ. 2016ರಲ್ಲಿ ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್‌ ಸಂಸ್ಥೆ 71 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ಖಚಿತವಾಗಿ ಹೇಳುವಷ್ಟು ಗಟ್ಟಿ ಪುರಾವೆ ಇಲ್ಲ ಎಂದದ್ದನ್ನು ಮಾತ್ರ ತೋರಿಸುವುದಿಲ್ಲ.

ಕೆಂಪು, ಕೀವಿನ ಸಣ್ಣ ಗುಳ್ಳೆಗಳಿಗೆ ಬೆಳಕು ಒಗ್ಗುತ್ತದೆ. ಬ್ಲ್ಯಾಕ್‌ಹೆಡ್‌ಗಳಿಗೆ ಅಷ್ಟಕ್ಕಷ್ಟೆ, ಆಳದ ಗಂಟುಗಳಿಗೆ ಕೆಲಸಕ್ಕೆ ಬಾರದು. ದವಡೆಯ ಮೊಡವೆಯ ಜೊತೆ ಮುಟ್ಟು ಏರುಪೇರಾಗುತ್ತಿದ್ದು, ಗಲ್ಲದಲ್ಲಿ ಒರಟು ಕೂದಲು ಬರುತ್ತಿದ್ದರೆ ಮೂಲ ಹಾರ್ಮೋನಿನಲ್ಲಿರಬಹುದು, ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆಯಾದ ಪಿಸಿಒಎಸ್‌ ಇದೆಯೇ ಎಂದು ಮೊದಲು ಪರೀಕ್ಷೆಯಾಗಬೇಕು. ಇನ್ನೊಂದು ಗುಂಪಿನ ಬಗ್ಗೆ ನಿಜಕ್ಕೂ ಸಂಕಟವಾಗುತ್ತದೆ. ಬೆಳ್ಳಗಾಗಲೆಂದು ಮೆಡಿಕಲ್‌ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಂಡ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದವರು ಅವರು. ಆ ಟ್ಯೂಬಿನ ಹಿಂದೆ ಬೀಟಾಮೆಥಸೋನ್‌, ಮೊಮೆಟಸೋನ್‌, ಕ್ಲೊಬೆಟಸಾಲ್‌ ಎಂದಿದ್ದರೆ ಅದು ಸ್ಟಿರಾಯ್ಡ್‌. ಮುಖದ ತುಂಬ ಒಂದೇ ಅಳತೆಯ ಗುಳ್ಳೆಗಳು, ತೆಳ್ಳಗಾದ ಚರ್ಮ, ಬಿಸಿಲಿಗೆ ಉರಿ ಅದರ ಗುರುತು. ಅಲ್ಲಿ ಬೆಳಕು ಪ್ರಯೋಜನಕ್ಕಿಲ್ಲ, ವೈದ್ಯರ ಕಣ್ಗಾವಲಿನಲ್ಲಿ ಕ್ರೀಮು ಬಿಡುವುದೇ ಚಿಕಿತ್ಸೆ.

ಈಗ ಬಣ್ಣದ ಮಾತು. ನಮ್ಮಲ್ಲಿ ಮೊಡವೆ ಎರಡು ವಾರಕ್ಕೆ ಇಳಿದರೂ ಅದು ಬಿಟ್ಟುಹೋದ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಹುಪಾಲು ಜನ ವೈದ್ಯರ ಬಳಿ ಬರುವುದೇ ಕಲೆಗಾಗಿ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗೋಧಿ ಬಣ್ಣದ ಚರ್ಮದವರಿಗೆ 415 ಮತ್ತು 630 ನ್ಯಾನೊಮೀಟರ್‌ ಬೆಳಕು ಬಿಟ್ಟು ಹೋಲಿಸಿದರು. ಕೆಂಪಿನಿಂದ ಚರ್ಮ ಕಪ್ಪಾಗಲಿಲ್ಲ. 415ರಿಂದ ಆಯಿತು, ಡೋಸ್‌ ಏರಿದಂತೆ ಕಪ್ಪೂ ಏರಿತು, ವಾರಗಟ್ಟಲೆ ಉಳಿಯಿತು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ ತಯಾರಿಸುವ ಕೋಶಗಳಲ್ಲಿ ಆಪ್ಸಿನ್‌-3 ಎಂಬ ಪ್ರೋಟೀನು ನೀಲಿಯನ್ನು ಗುರುತಿಸುತ್ತದೆ ಎಂಬುದು 2018ರಲ್ಲಿ ತಿಳಿಯಿತು. ಬ್ಯಾಕ್ಟೀರಿಯಾ ಕೊಲ್ಲುವ ಬೆಳಕೇ ಕಲೆಯನ್ನೂ ಕಪ್ಪಾಗಿಸಬಲ್ಲದು ಎಂದಾಯಿತು. ಕಲೆ ಬೇಗ ಕಟ್ಟುವವರಿಗೆ, ಬಂಗು ಇರುವವರಿಗೆ ನೀಲಿ ಬೇಡ, ಬೇಕೆಂದರೆ ಕೆಂಪು ಮಾತ್ರ ಸಾಕು ಎಂಬುದು ನಮ್ಮ ಅಭಿಪ್ರಾಯ.

ನೀಲಿಯನ್ನೇ ಬಳಸುವುದಾದರೆ ಕಿವಿಯ ಮುಂದಿನ ರೂಪಾಯಿಯಗಲದ ಜಾಗದಲ್ಲಿ ಒಂದು ವಾರ ನೋಡಿ. ಆರಂಭಕ್ಕೆ ಮುಂಚೆ ಒಂದು, ವಾರದ ಕೊನೆಗೆ ಇನ್ನೊಂದು ಫೋಟೊ ಅದೇ ಕಿಟಕಿಯ ಬೆಳಕಿನಲ್ಲಿ ತೆಗೆದಿಟ್ಟುಕೊಂಡರೆ ಹೋಲಿಸಲು ಬರುತ್ತದೆ. ಕಪ್ಪಾದರೆ ಅಲ್ಲಿಗೇ ನಿಲ್ಲಿಸಿ. ಮುಖ ತೊಳೆದು ಪೂರ್ತಿ ಒರೆಸಿಕೊಳ್ಳಬೇಕು, ಸನ್‌ಸ್ಕ್ರೀನ್‌, ಪೌಡರ್‌ ಉಳಿದರೆ ಅವೇ ಬೆಳಕನ್ನು ತಡೆಯುತ್ತವೆ. ಸಾಧನದ ಜೊತೆ ಕೊಟ್ಟ ಗಾಗಲ್ಸ್‌ ಹಾಕಲೇಬೇಕು, ಕಣ್ಣು ಮುಚ್ಚಿದರೆ ಸಾಲದು. 2019ರಲ್ಲಿ ಅಮೆರಿಕದ ಹೆಸರಾಂತ ಕಂಪನಿಯೊಂದು ಕೆಲವು ಕಣ್ಣಿನ ಕಾಯಿಲೆಯವರಿಗೆ ಅಪಾಯವಾದೀತೆಂದು ತನ್ನ ಮುಖವಾಡವನ್ನು ಹಿಂದಕ್ಕೆ ಪಡೆಯಿತು. ರೆಟಿನಾ ತೊಂದರೆ ಇರುವವರು, ಡಾಕ್ಸಿಸೈಕ್ಲಿನ್‌ ಅಥವಾ ಐಸೊಟ್ರೆಟಿನಾಯಿನ್‌ ಮಾತ್ರೆ ನುಂಗುತ್ತಿರುವವರು, ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಯಾದ ಲೂಪಸ್‌ ಇರುವವರು ವೈದ್ಯರನ್ನು ಕೇಳದೆ ದೀಪ ಹಚ್ಚಬಾರದು.

ಬೆಳಕೇ ಮದ್ದಾದರೆ ಕೋಲಾರದ ಬಿಸಿಲಿಗೇನು ಕೊರತೆ ಎಂದು ಕೇಳುವವರಿದ್ದಾರೆ. ಬಿಸಿಲಿನಲ್ಲಿ ನೀಲಿಯ ಜೊತೆ ಅತಿನೇರಳೆಯೂ ಬರುತ್ತದೆ, ಚರ್ಮ ಸುಟ್ಟು ಕಲೆ ಗಟ್ಟಿಯಾಗುತ್ತದೆ. ಬಿಳಿ ಸನ್‌ಸ್ಕ್ರೀನ್‌ ಅತಿನೇರಳೆಯನ್ನು ತಡೆದರೂ ಕಣ್ಣಿಗೆ ಕಾಣುವ ನೀಲಿಯನ್ನು ಅಷ್ಟಾಗಿ ತಡೆಯದು. ಅದಕ್ಕೆ ಐರನ್‌ ಆಕ್ಸೈಡ್‌ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್‌ ಬೇಕು.

ಬೆಳಕು ರೋಮಕೂಪದ ಮುಚ್ಚಳ ತೆಗೆಯುವುದಿಲ್ಲ. ಸೆಷನ್‌ ನಿಲ್ಲಿಸಿದ ಮೇಲೆ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತದೆ. ಮುಚ್ಚಳಕ್ಕೆ ಬೇಕಾದದ್ದು ಅಡಪಲೀನ್‌ ಜೆಲ್‌. ರಾತ್ರಿ, ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ, ಮೊದಲೆರಡು ವಾರ ದಿನ ಬಿಟ್ಟು ದಿನ ಹಚ್ಚಬೇಕು. ಗರ್ಭಿಣಿಯರು, ಮಗುವಿಗಾಗಿ ಕಾಯುತ್ತಿರುವವರು ಹಚ್ಚಬಾರದು. ಬೆಳಿಗ್ಗೆ ಶೇ 2.5ರ ಬೆಂಜಾಯ್ಲ್‌ ಪೆರಾಕ್ಸೈಡ್‌ ಸಾಕು, ಅದು ತಾಗಿದರೆ ಟವೆಲ್‌, ದಿಂಬಿನ ಕವರ್‌ ಬಣ್ಣ ಬಿಡುತ್ತವೆ. ಫಲ ಕಾಣಲು 8ರಿಂದ 12 ವಾರ ಬೇಕು, ನಾಲ್ಕನೇ ವಾರಕ್ಕೇ ಬೇಸತ್ತು ಬಿಡುವವರೇ ಹೆಚ್ಚು. ಮುಖವಾಡದ ಬೆಲೆಯನ್ನು ಕೇಳಿದ ಮೇಲೆ, ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಜಿಲ್ಲಾಸ್ಪತ್ರೆಯಲ್ಲೋ ಚರ್ಮವೈದ್ಯರಿಗೆ ಒಮ್ಮೆ ತೋರಿಸಿ ಈ ಎರಡು ಟ್ಯೂಬು ಬರೆಸಿಕೊಳ್ಳಲು ಎಷ್ಟಾಗುತ್ತದೆಂದು ವಿಚಾರಿಸಿ. ಹನ್ನೆರಡು ವಾರ ಇವನ್ನು ತಪ್ಪದೆ ಹಚ್ಚಿಯೂ ಕೆಂಪು ಗುಳ್ಳೆ ಉಳಿದರೆ, ಆಗ ಬೆಳಕಿನ ಬಗ್ಗೆ ಅದೇ ವೈದ್ಯರನ್ನು ಕೇಳಿ.