ಕರಾವಳಿಯ ಮನೆಗೆ ಎಂಥ ನಾಯಿ?

ನಾಯಿಮರಿ ತರಬೇಕು ಅಂತ ಹೊರಟವರು ಮಂಗಳೂರಿನಲ್ಲಿ ಮೊದಲು ಕೇಳುವುದು ಇದನ್ನೇ: ‘ಕೂದ್ಲು ಉದುರ್ತದಾ ಮಾರಾಯ್ರೆ?’ ಅದರ ಹಿಂದೆಯೇ ಇನ್ನೊಂದು: ‘ಮಕ್ಕಳಿಗೆ ಏನೂ ಮಾಡುದಿಲ್ಲ ಅಲ್ವಾ?’ ಎರಡೂ ಕೇಳಬೇಕಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ತಳಿಯ ಹೆಸರು ಸಾಕಷ್ಟು ಗಟ್ಟಿಯಾದ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅಷ್ಟು ಗಟ್ಟಿಯಾಗಿ ಕೊಡುವುದಿಲ್ಲ. ಇನ್ನು ನಮ್ಮ ಕಡೆ ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಈ ಮೈಕೂದಲು ನಮ್ಮ ಮಳೆಗಾಲವನ್ನು ತಾಳುತ್ತದಾ?

ಮೊದಲು ಕೂದಲಿನ ವಿಷಯ ನೋಡೋಣ. ಪ್ರತಿ ಕೂದಲಿಗೂ ಒಂದು ಆಯುಸ್ಸಿದೆ. ಅದು ಬೆಳೆಯುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ, ಸ್ವಲ್ಪ ಕಾಲ ಬುಡದಲ್ಲಿ ಸುಮ್ನೆ ಕೂತಿರುತ್ತದೆ, ಆಮೇಲೆ ಉದುರುತ್ತದೆ. ನಮ್ಮ ತಲೆಕೂದಲು ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತದೆ. ಪೂಡಲ್ ನಾಯಿಯ ಕೂದಲೂ ಹಾಗೆಯೇ. ಕತ್ತರಿಸದಿದ್ದರೆ ಉದ್ದವಾಗುತ್ತಾ ಹೋಗುತ್ತದೆ, ಉದುರುವುದು ಕಡಿಮೆ. ಲ್ಯಾಬ್ರಡಾರ್ ಕೂದಲು ಗಿಡ್ಡವಾಗಿರುವಾಗಲೇ ಬೆಳವಣಿಗೆ ನಿಲ್ಲಿಸುತ್ತದೆ. ಯಾವ ದಿನ ನೋಡಿದರೂ ಅದರ ಮೈಮೇಲಿನ ಹೆಚ್ಚಿನ ಕೂದಲು ಬೆಳವಣಿಗೆ ಮುಗಿಸಿ ಕೂತಿರುತ್ತದೆ. ಹಾಗಾಗಿ ‘ಗಿಡ್ಡ ಕೂದಲಿನ ನಾಯಿ ತಂದರೆ ಗುಡಿಸುವ ಕೆಲಸ ಕಡಿಮೆ’ ಎನ್ನುವ ಲೆಕ್ಕ ತಪ್ಪಾಗುತ್ತದೆ. ಲ್ಯಾಬ್, ಪಗ್, ಬೀಗಲ್ ಮೂರೂ ಧಾರಾಳವಾಗಿ ಕೂದಲು ಉದುರಿಸುತ್ತವೆ. ಅದೂ ಸೋಫಾ ಬಟ್ಟೆಯೊಳಗೆ ಸೂಜಿಯ ಹಾಗೆ ಹೊಕ್ಕು ಕೂರುವ ಗಿಡ್ಡ ಕೂದಲು.

2009ರಲ್ಲಿ 80 ತಳಿಗಳ ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ನೋಡಿದ ವಿಜ್ಞಾನಿಗಳಿಗೆ ಒಂದು ಅಚ್ಚರಿ ಕಾದಿತ್ತು. ಬಹುತೇಕ ತಳಿಗಳ ಮೈಕೂದಲಿನ ಅಷ್ಟೆಲ್ಲ ವೈವಿಧ್ಯವನ್ನು ಬರೀ ಮೂರು ಜೀನ್‌ಗಳಿಂದ ವಿವರಿಸಬಹುದಿತ್ತು. ಎಫ್‌ಜಿಎಫ್5 ಎಂಬುದು ಕೂದಲಿನ ಉದ್ದಕ್ಕೆ ಸಂಬಂಧಿಸಿದ್ದು. ಕೆಆರ್‌ಟಿ71 ಗುಂಗುರಿಗೆ. ಮೂರನೆಯದು ಆರ್‌ಎಸ್‌ಪಿಒ2. ಇದರ ಒಂದು ರೂಪ ಇದ್ದರೆ ನಾಯಿಗೆ ಮೀಸೆ, ಗಡ್ಡ, ದಪ್ಪ ಹುಬ್ಬು ಬರುತ್ತವೆ. ಮುಂದಿನ ಅಧ್ಯಯನಗಳಲ್ಲಿ, ಇದೇ ಜೀನ್ ಎಂಸಿ5ಆರ್ ಎಂಬ ಇನ್ನೊಂದು ಜೀನ್ ಜೊತೆ ಸೇರಿ ಕೂದಲು ಎಷ್ಟು ಉದುರುತ್ತದೆ ಎಂಬುದನ್ನೂ ನಿರ್ಧರಿಸುತ್ತದೆ ಅಂತ ಗೊತ್ತಾಯಿತು. ಡಿಎನ್‌ಎ ಪರೀಕ್ಷೆ ಇಲ್ಲದೆಯೂ ನಮಗೆ ಇದು ಉಪಯೋಗಕ್ಕೆ ಬರುತ್ತದೆ. ನಾಯಿಯ ಮುಖ ನೋಡಿ. ಶ್ನೌಜರ್, ಶಿಟ್ಜು, ಲಾಸಾ ಆಪ್ಸೋ, ಪೂಡಲ್, ಹೀಗೆ ಮೂತಿಯ ಸುತ್ತ ಉದ್ದ ಕೂದಲು ಬೆಳೆಯುವ ತಳಿಗಳು ಸಾಮಾನ್ಯವಾಗಿ ಕಡಿಮೆ ಉದುರಿಸುತ್ತವೆ. ಮುಖ ನುಣುಪಾಗಿದ್ದು ಮೈತುಂಬ ದಟ್ಟ ಕೂದಲಿದ್ದರೆ, ಪೊರಕೆ ಕೈಗೆ ಹತ್ತಿರ ಇಟ್ಟುಕೊಳ್ಳುವುದು ಒಳ್ಳೆಯದು.

ವಿದೇಶಿ ಪುಸ್ತಕಗಳಲ್ಲಿ ‘ವರ್ಷಕ್ಕೆ ಎರಡು ಸಲ ಕೂದಲು ಉದುರುತ್ತದೆ’ ಅಂತ ಬರೆದಿರುತ್ತದೆ. ಅದು ಅಲ್ಲಿಗೆ ಸರಿ. ಕೂದಲು ಬದಲಾಗುವ ಕಾಲವನ್ನು ಮುಖ್ಯವಾಗಿ ಹಗಲಿನ ಉದ್ದ ಮತ್ತು ಹವೆ ನಡೆಸುತ್ತವೆ. ಲಂಡನ್ನಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಎಂಟೂವರೆ ಗಂಟೆಗಿಂತ ಜಾಸ್ತಿ ವ್ಯತ್ಯಾಸವಿದೆ. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ಮಂಗಳೂರು, ಉಡುಪಿಯಲ್ಲಿ ಅದು ಒಂದೂವರೆ ಗಂಟೆ ಅಷ್ಟೆ. ಚಳಿಗಾಲ ಅಂತ ಹೇಳಿಕೊಳ್ಳುವಂಥದ್ದೂ ನಮಗಿಲ್ಲ. ಮೇಲಿಂದ ರಾತ್ರಿ ಹನ್ನೊಂದರವರೆಗೆ ಮನೆಯೊಳಗೆ ಟ್ಯೂಬ್‌ಲೈಟ್. ಹಾಗಾಗಿ ಇಲ್ಲಿ ಮನೆಯೊಳಗಿನ ನಾಯಿಗಳು ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರಿಸುತ್ತಲೇ ಇರುತ್ತವೆ.

ಅಲರ್ಜಿ ಇದೆ ಎಂದು ಕೂದಲು ಉದುರದ ತಳಿಯನ್ನೇ ಹುಡುಕುವವರು ತುಂಬಾ ಜನ. ಅವರು ಒಂದು ವಿಷಯ ತಿಳಿದಿರಬೇಕು. ಸೀನು, ಕಣ್ಣುತುರಿಕೆ ತರುವುದು ಕೂದಲಲ್ಲ, ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನ್‌ಗಳು. ಅವುಗಳಲ್ಲಿ ಮುಖ್ಯವಾದದ್ದು ಕ್ಯಾನ್ ಎಫ್ 1. ಇದು ಎಲ್ಲ ತಳಿಗಳಲ್ಲೂ ಇದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನಾಯಿ ಇರುವ 173 ಮನೆಗಳ ಧೂಳನ್ನು ಪರೀಕ್ಷಿಸಿತು. ‘ಅಲರ್ಜಿ ತರದ ತಳಿ’ ಎಂದು ಮಾರುವ ನಾಯಿಗಳ ಮನೆಯಲ್ಲೂ ಈ ಪ್ರೋಟೀನ್ ಕಡಿಮೆಯೇನೂ ಇರಲಿಲ್ಲ. ಮರುವರ್ಷ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದರಲ್ಲಿ, ಅಂಥ ತಳಿಗಳ ಕೂದಲಲ್ಲೇ ಅದು ಇನ್ನೂ ಜಾಸ್ತಿ ಕಂಡಿತು. ಮನೆಯಲ್ಲಿ ಉಬ್ಬಸದ ಮಗು ಇದ್ದರೆ ತಳಿಯ ಮೇಲೆ ಭರವಸೆ ಇಡಬೇಡಿ. ನಿಮಗೆ ಇಷ್ಟವಾದ ಆ ಒಂದು ನಾಯಿಯ ಜೊತೆ ಮಗುವನ್ನು ನಾಲ್ಕಾರು ಸಲ ಸಮಯ ಕಳೆಯಲು ಬಿಟ್ಟು, ಡಾಕ್ಟರ್ ಹತ್ತಿರ ಮಾತಾಡಿ ಮುಂದುವರಿಯಿರಿ.

ಇನ್ನು ಮಳೆಗಾಲ. ನಮ್ಮ ಕರಾವಳಿಗೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ನಾಯಿಯ ಮೈಯೂ ಒಣಗುವುದಿಲ್ಲ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಹಸ್ಕಿ, ಪಾಮ್ ಇವಕ್ಕೆಲ್ಲ ಎರಡು ಪದರ ಕೂದಲು. ಹೊರಪದರ ಒರಟು, ಒಳಗೆ ಮೆತ್ತನೆ ದಟ್ಟ ಪದರ. ಮೇಲೆ ಕೈಯಾಡಿಸಿದರೆ ಒಣಗಿದ ಹಾಗೆ ಕಾಣುತ್ತದೆ. ಬೆರಳು ಒಳಗೆ ತೂರಿಸಿ ನೋಡಿ, ಬುಡ ಇನ್ನೂ ಚಂಡಿಯೇ ಇರುತ್ತದೆ. ಆ ಬೆಚ್ಚಗಿನ ಪಸೆಯಲ್ಲಿ ಯೀಸ್ಟ್, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮೊದಲು ಮುಗ್ಗಲು ವಾಸನೆ, ಆಮೇಲೆ ತುರಿಕೆ, ಆಮೇಲೆ ಕೆಂಪಗೆ ಹಸಿ ಹುಣ್ಣು. ಕಾಕರ್ ಸ್ಪೇನಿಯಲ್, ಲ್ಯಾಬ್, ಬೀಗಲ್‌ಗಳ ಜೋತುಬಿದ್ದ ಕಿವಿಯೊಳಗೂ ಇದೇ ಕಥೆ. ಗುಂಗುರು ಮತ್ತು ಉದ್ದ ಕೂದಲಿನ ನಾಯಿಗಳಲ್ಲಿ ಸತ್ತ ಕೂದಲು ನೆಲಕ್ಕೆ ಬೀಳದೆ ಮೈಯಲ್ಲೇ ಸಿಕ್ಕಿ ಜಡೆಗಟ್ಟುತ್ತದೆ. ಆ ಗಂಟಿನ ಅಡಿಯಲ್ಲಿ ಚರ್ಮಕ್ಕೆ ಗಾಳಿಯೇ ತಾಗುವುದಿಲ್ಲ. ಶಿಟ್ಜು ತಂದರೆ ಗುಡಿಸುವ ಕೆಲಸ ಉಳಿಯಬಹುದು, ಆದರೆ ದಿನಾ ಬಾಚುವ ಕೆಲಸ ಮತ್ತು ತಿಂಗಳೊಪ್ಪತ್ತಿಗೆ ಕೂದಲು ಕತ್ತರಿಸುವ ಖರ್ಚು ಬಂದೇ ಬರುತ್ತದೆ. ಅದಕ್ಕೆ ಪುರುಸೊತ್ತಿಲ್ಲದ ಮನೆಗೆ ಆ ನಾಯಿ ಬೇಡ.

ಸೆಕೆಯ ವಿಷಯ ಇದಕ್ಕಿಂತ ಗಂಭೀರ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಪಾದದಡಿಯಲ್ಲಿ ಸ್ವಲ್ಪ ಮಾತ್ರ. ಅದು ಮೈ ತಣಿಸಿಕೊಳ್ಳುವುದು ನಾಲಿಗೆ ಚಾಚಿ ಏದುಸಿರು ಬಿಟ್ಟು, ಅಂದರೆ ಬಾಯಿ ಮತ್ತು ಮೂಗಿನ ಪಸೆಯನ್ನು ಆವಿ ಮಾಡಿ. ಕಲಬುರಗಿಯ 42 ಡಿಗ್ರಿ ಒಣ ಬಿಸಿಲಿನಲ್ಲಿ ಆವಿ ಬೇಗ ಆಗುತ್ತದೆ. ಮಂಗಳೂರಿನ ಮೇ ತಿಂಗಳಲ್ಲಿ 34 ಡಿಗ್ರಿಯೇ ಇದ್ದರೂ ಗಾಳಿ ತುಂಬಾ ತೇವಾಂಶ. ನಾಯಿ ಎಷ್ಟೇ ಏದುಸಿರು ಬಿಟ್ಟರೂ ಆವಿ ಆಗುವುದು ಕಮ್ಮಿ, ಮೈ ತಣಿಯುವುದೂ ಕಮ್ಮಿ. ಮೂತಿಯೇ ಚಪ್ಪಟೆಯಾಗಿ ಉಸಿರಿನ ದಾರಿ ಇಕ್ಕಟ್ಟಾಗಿರುವ ಪಗ್, ಬುಲ್‌ಡಾಗ್‌ಗಳ ಗತಿ ಏನು? ಬ್ರಿಟನ್ನಿನಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ನಾಯಿಗಳ ಚಿಕಿತ್ಸಾ ದಾಖಲೆ ನೋಡಿ 2020ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಲ್ಯಾಬ್ರಡಾರ್‌ಗೆ ಹೋಲಿಸಿದರೆ ಸೆಕೆಯಿಂದ ಕಾಯಿಲೆ ಬೀಳುವ ಸಂಭವ ಪಗ್‌ಗೆ ಸುಮಾರು ಮೂರು ಪಟ್ಟು, ಬುಲ್‌ಡಾಗ್‌ಗೆ ಸುಮಾರು ಹದಿನಾಲ್ಕು ಪಟ್ಟು, ಚೌ ಚೌಗೆ ಸುಮಾರು ಹದಿನೇಳು ಪಟ್ಟು ಜಾಸ್ತಿ ಇತ್ತು. ಬ್ರಿಟನ್ನಿನ ಹವೆಯಲ್ಲೇ ಹಾಗೆ. ಇದನ್ನೆಲ್ಲ ಓದಿದ ಮೇಲೆ ಕರಾವಳಿಗೆ ಹಸ್ಕಿ ತರುವುದನ್ನು ನಾನು ಒಪ್ಪಲಾರೆ. ಸೈಬೀರಿಯದ ಹಿಮಕ್ಕಾಗಿ ಬೆಳೆದ ಪ್ರಾಣಿಯನ್ನು ದಿನವಿಡೀ ಎಸಿ ರೂಮಿನಲ್ಲಿ ಕೂಡಿಹಾಕಿ, ಕರೆಂಟ್ ಹೋದ ಮಳೆಗಾಲದ ರಾತ್ರಿ ಅದು ಏದುಸಿರು ಬಿಡುವುದನ್ನು ನೋಡುತ್ತಾ ಕೂರುವುದು ಆ ಜೀವಕ್ಕೆ ಅನ್ಯಾಯ. ಕೂದಲು ಬೋಳಿಸಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಎರಡು ಪದರದ ಕೂದಲನ್ನು ಬುಡದವರೆಗೆ ಬೋಳಿಸಿದರೆ ಚರ್ಮ ನೇರ ಬಿಸಿಲಿಗೆ ತೆರೆದುಕೊಳ್ಳುತ್ತದೆ, ಕೆಲವು ನಾಯಿಗಳಲ್ಲಿ ಕೂದಲು ತಿಂಗಳುಗಟ್ಟಲೆ ಸರಿಯಾಗಿ ಬರುವುದೇ ಇಲ್ಲ.

ಮೈಕೂದಲಿನ ಹಾಗೆ ಸ್ವಭಾವವನ್ನೂ ತಳಿಯಿಂದ ಲೆಕ್ಕ ಹಾಕಬಹುದೇ? ಆಸ್ಟ್ರೇಲಿಯಾದ ವಾಲಿ ಕಾನ್ರನ್ ಅವರ ಅನುಭವ ಇಲ್ಲಿ ಹೇಳಲೇಬೇಕು. ಅವರು ದೃಷ್ಟಿಹೀನರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುವ ಸಂಸ್ಥೆಯಲ್ಲಿದ್ದರು. ಹವಾಯಿಯ ಒಬ್ಬ ದೃಷ್ಟಿಹೀನ ಮಹಿಳೆಗೆ ಅಂಥ ನಾಯಿ ಬೇಕಿತ್ತು, ಆದರೆ ಗಂಡನಿಗೆ ಅಲರ್ಜಿ. ಕಾನ್ರನ್ ಕೂದಲು ಉದುರದ ಪೂಡಲ್‌ಗಳನ್ನು ಪಳಗಿಸಲು ನೋಡಿದರು. ಒಂದರ ಮೇಲೊಂದು 33 ಪೂಡಲ್‌ಗಳು ಆ ಕೆಲಸಕ್ಕೆ ಒದಗಲಿಲ್ಲ. ಕೊನೆಗೆ 1989ರಲ್ಲಿ ಲ್ಯಾಬ್ರಡಾರ್‌ಗೆ ಪೂಡಲ್ ಕೂಡಿಸಿದರು. ಮೂರು ಮರಿಗಳ ಕೂದಲು, ಜೊಲ್ಲಿನ ಮಾದರಿ ಹವಾಯಿಗೆ ಹೋದವು. ಆ ಗಂಡನಿಗೆ ಅಲರ್ಜಿಯಾಗದ್ದು ಒಂದೇ ಮರಿಯಿಂದ. ಒಂದೇ ತಾಯಿಯ, ಒಂದೇ ಸೂಲಿನ ಮರಿಗಳು! ಇದರಿಂದಲೇ ಲ್ಯಾಬ್ರಡೂಡಲ್ ಎಂಬ ಹೆಸರು ಹುಟ್ಟಿ ಪ್ರಪಂಚದಾದ್ಯಂತ ವ್ಯಾಪಾರವಾಯಿತು. ಕಂಡಕಂಡಲ್ಲಿ ಬೇಜವಾಬ್ದಾರಿಯಿಂದ ಮರಿ ಮಾಡಿಸುವುದನ್ನು ನೋಡಿ ಕಾನ್ರನ್ ಮುಂದೆ ಬಹಿರಂಗವಾಗಿಯೇ ವಿಷಾದಪಟ್ಟರು.

2022ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೊರಬಂತು. 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ಅವುಗಳ ಮನೆಯವರಿಂದ ಕೇಳಿ ತಿಳಿದು, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿ ಹೋಲಿಸಿದರು. ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ. 9ರಷ್ಟು ಮಾತ್ರ ಅಂತ ಕಂಡಿತು. ಹೇಳಿದ ಮಾತು ಎಷ್ಟು ಕೇಳುತ್ತದೆ ಎಂಬುದರಲ್ಲಿ ತಳಿಯ ಪ್ರಭಾವ ಸ್ವಲ್ಪ ಜಾಸ್ತಿ. ಎಷ್ಟು ಬೇಗ ಕೆರಳುತ್ತದೆ ಎಂಬುದರಲ್ಲಿ ತೀರಾ ಕಡಿಮೆ. ಮೈಕೂದಲಿಗೆ ಕೆಲವೇ ಜೀನ್‌ಗಳು ಸಾಕು. ಸ್ವಭಾವಕ್ಕೆ ನೂರಾರು ಜೀನ್‌ಗಳು ಒಂದಿಷ್ಟಿಷ್ಟು ಕೈ ಹಾಕುತ್ತವೆ, ಉಳಿದದ್ದನ್ನು ಮರಿ ಬೆಳೆದ ರೀತಿ ಮಾಡುತ್ತದೆ. ಹಾಗಂತ ತಳಿಗೆ ಅರ್ಥವೇ ಇಲ್ಲ ಅಂತಲ್ಲ. ಗಾತ್ರ, ಬಲ, ಓಡುವ ಹುಮ್ಮಸ್ಸು ತಳಿಯಿಂದಲೇ ಬರುತ್ತವೆ, ಅವನ್ನು ನೋಡಲೇಬೇಕು. ಆದರೆ ‘ಲ್ಯಾಬ್ ಅಲ್ವಾ, ಏನೂ ಮಾಡುದಿಲ್ಲ’ ಎಂಬ ಧೈರ್ಯದಲ್ಲಿ ಎರಡು ವರ್ಷದ ಮಗುವನ್ನು ಅದರ ಹತ್ತಿರ ಒಂಟಿಯಾಗಿ ಬಿಡುವುದಕ್ಕೆ ವಿಜ್ಞಾನದ ಬೆಂಬಲವಿಲ್ಲ.

ಮರಿ ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲ ಸ್ವಭಾವಕ್ಕೆ ಬಹಳ ಮುಖ್ಯ. ಆಗ ಕಂಡದ್ದು, ಕೇಳಿದ್ದು ಅದಕ್ಕೆ ಜೀವನಪೂರ್ತಿ ಮಾಮೂಲು. ಆಗ ಕಾಣದ್ದು ಮುಂದೆ ಭಯ ಹುಟ್ಟಿಸಬಹುದು. ಕರಾವಳಿಯಲ್ಲಿ ಜೂನ್ ಹೊತ್ತಿಗೆ ಮನೆಗೆ ಬರುವ ಮರಿಗಳ ಬಗ್ಗೆ ನನಗೆ ಕಾಳಜಿ ಇರುವುದು ಇದಕ್ಕೇ. ಹೊರಗೆ ಧೋ ಅಂತ ಮಳೆ, ಲಸಿಕೆ ಪೂರ್ತಿ ಆಗಿಲ್ಲ, ಮರಿ ಎರಡು ಮೂರು ತಿಂಗಳು ಮನೆಯೊಳಗೇ ಇರುತ್ತದೆ. ಆ ಅಮೂಲ್ಯ ವಾರಗಳು ಮನೆಯ ನಾಲ್ಕು ಮುಖ ನೋಡುವುದರಲ್ಲೇ ಕಳೆದುಹೋಗುತ್ತವೆ. ಮರಿಯನ್ನು ಎತ್ತಿಕೊಂಡು ಜಗಲಿಯಲ್ಲಿ ಕೂತುಕೊಳ್ಳಿ. ಛತ್ರಿ, ರೈನ್‌ಕೋಟ್, ಮೀನು ಮಾರುವವರ ಕೂಗು, ಬಸ್ಸಿನ ಹಾರ್ನ್, ದೂರದ ಚೆಂಡೆ, ತಗಡಿನ ಮಾಡಿನ ಮೇಲೆ ಬೀಳುವ ಮಳೆ, ಎಲ್ಲ ಅದರ ಕಿವಿಗೂ ಕಣ್ಣಿಗೂ ಬೀಳಲಿ. ಎಂಟು ವಾರ ತುಂಬದ ಮರಿಯನ್ನು ಮಾರುವುದು ಕಾನೂನಿಗೂ ವಿರುದ್ಧ. ಯಾರಾದರೂ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಮತ್ತು ತಾಯಿನಾಯಿಯನ್ನು ನೋಡದೆ ಮರಿ ಆರಿಸಬೇಡಿ. ಅಪರಿಚಿತರು ಹತ್ತಿರ ಬಂದಾಗ ತಾಯಿ ಏನು ಮಾಡುತ್ತದೆ ಎಂಬುದು ತಳಿಯ ಹೆಸರಿಗಿಂತ ಜಾಸ್ತಿ ಹೇಳುತ್ತದೆ.

ನಮ್ಮ ರಾಜ್ಯದ ಮುಧೋಳ ನಾಯಿಯನ್ನು ಇಲ್ಲಿ ನೆನೆಯದೆ ಇರಲಾರೆ. ಗಿಡ್ಡ ನುಣುಪು ಕೂದಲು, ತೆಳ್ಳಗಿನ ಮೈ. ಒರೆಸಿದರೆ ಬೇಗ ಒಣಗುತ್ತದೆ. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಸಿ ತಳಿಗಳ ಅಂಚೆಚೀಟಿಗಳಲ್ಲಿ ಇದೂ ಒಂದು. ಆದರೆ ಇದು ಬಯಲಲ್ಲಿ ಬೇಟೆ ಅಟ್ಟಿಸಿಕೊಂಡು ಓಡಲು ಬೆಳೆದ ನಾಯಿ. ಮಂಗಳೂರಿನ ಕದ್ರಿಯ ಎಂಟನೇ ಮಹಡಿಯ ಫ್ಲಾಟ್ ಅದಕ್ಕೆ ಸಾಲದು. ದೊಡ್ಡ ಬೇಲಿಯ ತೋಟ, ಜೊತೆಗೆ ಓಡಬಲ್ಲ ಮನುಷ್ಯ, ಎರಡೂ ಇದ್ದರೆ ಮಾತ್ರ ತನ್ನಿ. ತೋಟದ ಮನೆ ಕಾರ್ಕಳ, ಕುಂದಾಪುರದ ಕಾಡಂಚಿನಲ್ಲಿದ್ದರೆ ಯಾವ ನಾಯಿಯನ್ನೂ ರಾತ್ರಿ ಹೊರಗೆ ಕಟ್ಟಬೇಡಿ. ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು.

ನಮ್ಮೂರುಗಳ ಇನ್ನೊಂದು ಸ್ಥಿತಿ ಇದೆ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ, ದೊಡ್ಡ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ‘ಒಂದು ಜೊತೆ ಇರಲಿ’ ಅಂತ ಮಕ್ಕಳು ಪ್ರೀತಿಯಿಂದ ಲ್ಯಾಬ್ರಡಾರ್ ಮರಿ ಕಳಿಸುತ್ತಾರೆ. ವರ್ಷದೊಳಗೆ ಅದು 30 ಕೆಜಿ ತೂಗುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಿ ಅದು ಒಮ್ಮೆ ಎಳೆದರೆ ಎಪ್ಪತ್ತು ವರ್ಷದವರ ಸೊಂಟದ ಮೂಳೆ ಮುರಿಯಬಹುದು. ಅಂಥ ಮನೆಗೆ ನಾನು ಹೇಳುವುದು, ಮೂರು ನಾಲ್ಕು ವರ್ಷ ದಾಟಿದ, ಮಧ್ಯಮ ಗಾತ್ರದ ಊರನಾಯಿ. ಗಿಡ್ಡ ಕೂದಲು, ನೆಟ್ಟಗಿನ ಕಿವಿ, ಬೇಗ ಒಣಗುವ ಮೈ, ಈ ಹವೆಯಲ್ಲೇ ತಲೆತಲಾಂತರದಿಂದ ಬದುಕಿದ ವಂಶ. ಕೂದಲು ಉದುರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ವಯಸ್ಸಿಗೆ ಬಂದ ನಾಯಿಯ ಸ್ವಭಾವ ಆಗಲೇ ರೂಪುಗೊಂಡಿರುತ್ತದೆ. ಮರಿಯಲ್ಲಿ ಊಹಿಸಬೇಕಾದ್ದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಮಂಗಳೂರು ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್‌ನಂಥ ಆಶ್ರಯಗಳಿಗೆ ಮನೆಯವರೆಲ್ಲ ಒಟ್ಟಿಗೆ ಹೋಗಿ. ಊಟದ ತಟ್ಟೆ ಮುಂದಿರುವಾಗ ಆ ನಾಯಿ ಹೇಗಿರುತ್ತದೆ, ಪಾದ ಮುಟ್ಟಿದರೆ ಏನು ಮಾಡುತ್ತದೆ, ಇನ್ನೊಂದು ನಾಯಿ ಹಾದುಹೋದರೆ ಎಷ್ಟು ಬೇಗ ಸಮಾಧಾನಕ್ಕೆ ಬರುತ್ತದೆ ಅಂತ ಅಲ್ಲಿ ನೋಡಿಕೊಳ್ಳುವವರನ್ನು ಕೇಳಿ. ಇಲಿಜ್ವರದ ಲಸಿಕೆ ಆಗಿದೆಯೇ ಎಂದೂ ಕೇಳಿ, ನಮ್ಮ ಜಿಲ್ಲೆಗಳಲ್ಲಿ ಅದು ಬೇಕೇ ಬೇಕು. ಇಷ್ಟವಾದರೆ ಮಳೆ ಬರುವ ದಿನ ಇನ್ನೊಮ್ಮೆ ಹೋಗಿ. ಕುತ್ತಿಗೆ ಪಟ್ಟಿಯ ಅಡಿ, ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ಚರ್ಮ ಹೇಗಿದೆ, ಉಣ್ಣಿ ಇದೆಯಾ ಅಂತ ಕೈಯಾರೆ ಬಿಡಿಸಿ ನೋಡಿ.