ಗ್ಯಾಸ್ ಹಾಕಿಸುವ ಮೊದಲು ಫಿಲ್ಟರ್ ಬಿಚ್ಚಿ ನೋಡಿ

ಶಿವರಾತ್ರಿ ಮುಗಿದು ಹುಬ್ಬಳ್ಳಿಯ ಬಿಸಿಲು ಚುರುಕಾಗುತ್ತಿದ್ದಂತೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: "ಅಣ್ಣಾರ, ಎಸಿ ತಂಪ ಆಗವಲ್ದು. ಗ್ಯಾಸ್ ಖಾಲಿ ಆಗೇತಿ ಅನ್ನಸ್ತೈತಿ, ಬಂದು ಹಾಕಿ ಹೋಗ್ರಿ." ರೋಗ, ಔಷಧ ಎರಡನ್ನೂ ಅವರೇ ಹೇಳಿ ಮುಗಿಸಿರುತ್ತಾರೆ. ಹೋಗಿ ನೋಡಿದರೆ ಬಹಳಷ್ಟು ಮನೆಗಳಲ್ಲಿ ಗ್ಯಾಸ್ ಇದ್ದಷ್ಟೂ ಇರುತ್ತದೆ. ಗಾಳಿ ಆಡಲು ದಾರಿಯೇ ಇರುವುದಿಲ್ಲ.

ಎಸಿಯ ಗ್ಯಾಸ್ ಉರಿದು ಖರ್ಚಾಗುವ ಇಂಧನವಲ್ಲ. ಮುಚ್ಚಿದ ಪೈಪಿನೊಳಗೆ ಗಾಣದ ಎತ್ತಿನಂತೆ ಅದೇ ಸುತ್ತು ಹಾಕುತ್ತಿರುತ್ತದೆ. ಕೋಣೆಯೊಳಗಿನ ಕಾಯಿಲ್‌ನಲ್ಲಿ, ಅಂದರೆ ಮಡಚಿದ ಪೈಪಿನ ಸಾಲಿನಲ್ಲಿ, ಆವಿಯಾಗುವಾಗ ಒಳಗಿನ ಶಾಖ ಹೀರಿಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಕಾಯಿಲ್‌ಗೆ ತಳ್ಳಿದಾಗ ಆ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಸೋರಿಕೆ ಇಲ್ಲದಿದ್ದರೆ ಹತ್ತು ವರ್ಷ ಕಳೆದರೂ ಅದು ಕಡಿಮೆಯಾಗುವ ಮಾತಿಲ್ಲ. "ವರ್ಷಾ ಸ್ವಲ್ಪ ಗ್ಯಾಸ್ ಹಾಕಸಬೇಕ್ರಿ" ಎಂದು ಯಾರೇ ಹೇಳಿದರೂ ನಂಬಬೇಡಿ. ಮಕ್ಕಳು ಬೆಂಗಳೂರಿನಲ್ಲಿದ್ದು ವಯಸ್ಸಾದವರಿಬ್ಬರೇ ಇರುವ ಮನೆಗಳಲ್ಲಿ ಪ್ರತಿ ಏಪ್ರಿಲ್‌ನ ಗ್ಯಾಸ್ ಬಿಲ್ಲುಗಳನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ತಂಪು ಎಲ್ಲಿ ಹೋಯಿತು? ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಶಾಖ ದಾಟುವ ಜಾಗದಲ್ಲಿ ಏನು ಪದರ ಕೂತರೂ ಅದಕ್ಕೆ ನೀವು ಕರೆಂಟಿನ ರೂಪದಲ್ಲಿ ದುಡ್ಡು ಕಟ್ಟುತ್ತೀರಿ. ನಮ್ಮ ಸೀಮೆಯಲ್ಲಿ ಆ ಪದರಕ್ಕೆ ಬರವಿಲ್ಲ. ಎರಿ ಹೊಲದ ಕಪ್ಪು ಮಣ್ಣು ಬೇಸಿಗೆಯಲ್ಲಿ ಹಿಟ್ಟಾಗಿ ಏಳುತ್ತದೆ. ಅದರ ಜೊತೆಗೆ ಹತ್ತಿಯ ಜೂಲು, ಅಗೆದಿಟ್ಟ ರಸ್ತೆಯ ಧೂಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ಎಸಿ ಬಿಚ್ಚುವವರು ಮೊದಲು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಗದಗ-ಬೆಟಗೇರಿಯಲ್ಲಿ ಮಗ್ಗದ ಮನೆಯ ಪಕ್ಕದ ಒಂದು ಮನೆಗೆ ಹೋಗಿದ್ದೆ. ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ಎಳೆದರೆ ಜಾಲರಿಯ ಮೇಲೆ ಬೂದು ಬಣ್ಣದ ದಪ್ಪ ಪದರ. ಉಗುರಿನಿಂದ ಅಂಚು ಎತ್ತಿದೆ, ಹರಿಯದೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬಂತು. ಬೆಳಕಿಗೆ ಹಿಡಿದರೆ ಆಚೆಯದು ಏನೂ ಕಾಣಲಿಲ್ಲ: ನೂಲಿನ ಎಳೆ, ಎಳೆಯ ಸಂದಿಯಲ್ಲೆಲ್ಲ ಕಪ್ಪು ಧೂಳು. ಹಿಂದಿನ ಕಾಯಿಲ್‌ನ ಮೇಲೆ ಬೆಳ್ಳಗೆ ಐಸ್ ಕಟ್ಟಿತ್ತು. "ಐಸ್ ಹಿಡದೈತಿ ಅಂದ್ರ ಗ್ಯಾಸ್ ಜಾಸ್ತಿನ ಇರಬೇಕಲ್ಲೋ ತಮ್ಮಾ? ಮತ್ಯಾಕ ತಂಪ ಬರವಲ್ದು?" ಎಂದು ಮನೆಯ ಅಜ್ಜಾರು ಕೇಳಿದರು. ನ್ಯಾಯವಾದ ಪ್ರಶ್ನೆ. ಕೋಣೆಯ ಬೆಚ್ಚನೆಯ ಗಾಳಿ ಕಾಯಿಲ್‌ಗೆ ತಾಗದಿದ್ದರೆ ಕಾಯಿಲ್ ಶೂನ್ಯಕ್ಕಿಂತ ಕೆಳಗಿಳಿದು ಅದರ ಮೇಲಿನ ತೇವ ಹೆಪ್ಪುಗಟ್ಟುತ್ತದೆ. ಆ ಐಸ್ ಇನ್ನಷ್ಟು ಗಾಳಿ ತಡೆಯುತ್ತದೆ. ಗ್ಯಾಸ್ ಸೋರಿದ್ದರೂ ಐಸ್ ಕಟ್ಟುವುದುಂಟು. ಆದರೆ ಫಿಲ್ಟರ್ ನೋಡಲು ಖರ್ಚಿಲ್ಲ, ಮೊದಲು ಅದನ್ನೇ ನೋಡಬೇಕು. ಆ ಮನೆಯಲ್ಲಿ ಎಸಿ ಬಂದ್ ಮಾಡಿ, ಬರೀ ಫ್ಯಾನ್ ಓಡಿಸಿ ಐಸ್ ಕರಗಿಸಿ, ಫಿಲ್ಟರ್ ತೊಳೆದು ಹಾಕಿದ ಮೇಲೆ ತಂಪು ಬಂತು. ಗ್ಯಾಸಿನ ಸಿಲಿಂಡರ್ ಗಾಡಿಯಿಂದ ಇಳಿಸಲೇ ಇಲ್ಲ.

ಬೇಸಿಗೆಯಲ್ಲಿ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನೀವೇ ತೊಳೆಯಬಹುದು. ಎಸಿಗೆ ಕರೆಂಟ್ ಕೊಡುವ ಸ್ವಿಚ್ಚು (ಎಂಸಿಬಿ) ಇಳಿಸಿ, ಫಿಲ್ಟರ್ ತೆಗೆದು, ಧೂಳು ಕೂತ ಬದಿಯ ಹಿಂದಿನಿಂದ ನಲ್ಲಿ ನೀರು ಬಿಡಿ. ಮುಂದಿನಿಂದ ಬಿಟ್ಟರೆ ಕೊಳೆ ಜಾಲರಿಯೊಳಗೇ ಸಿಕ್ಕಿಕೊಳ್ಳುತ್ತದೆ. ಬಿಸಿನೀರು ಬೇಡ, ಬಿಸಿಲಲ್ಲಿ ಒಣಗಿಸುವುದೂ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಕಾಯಿಲ್, ಬ್ಲೋವರ್, ಹೊರಗಿನ ಯೂನಿಟ್ ಮೆಕ್ಯಾನಿಕ್ ಕೆಲಸ. ಮೇ ತಿಂಗಳಲ್ಲಿ ಕರೆದರೆ ನಾವು ಓಡುತ್ತಾ ಬಂದು ಓಡುತ್ತಾ ಹೋಗುತ್ತೇವೆ. ಶಿವರಾತ್ರಿಯ ಆಸುಪಾಸು ಕರೆಯಿರಿ, ನಿಧಾನಕ್ಕೆ ಕೂತು ಮಾಡುತ್ತೇವೆ. ಜೆಟ್ ಪಂಪಿನ ನೀರನ್ನು ಓರೆಯಾಗಿ ರಭಸದಿಂದ ಬಿಟ್ಟರೆ ಕಾಯಿಲ್‌ನ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಕಾಯಂ ಮುಚ್ಚುತ್ತದೆ. ನೀರು ನೇರ ಬೀಳಬೇಕು. ಬೇಗ ಬೆಳ್ಳಗಾಗಲಿ ಎಂದು ಆ್ಯಸಿಡ್ ಹಾಕುವವರಿದ್ದಾರೆ, ಹಾಕಲು ಬಿಡಬೇಡಿ, ಅದು ಲೋಹ ತಿನ್ನುತ್ತದೆ. ಡ್ರೈನ್ ಪೈಪಿಗೆ ನೀರು ಬಿಟ್ಟು ಹೊರಗೆ ಬೀಳುವುದನ್ನು ಕಣ್ಣಾರೆ ನೋಡಿ. ಗೋಡೆ ಮೇಲೆ ನೀರು ಇಳಿಯುವುದಕ್ಕೆ ಎಷ್ಟೋ ಸಲ ಅಲ್ಲಿ ಕಟ್ಟಿದ ಲೋಳೆಯೇ ಕಾರಣ. ಹೊರಗಿನ ಯೂನಿಟ್‌ನ ಬೋರ್ಡಿನಲ್ಲಿ ಹಲ್ಲಿ ಸಿಕ್ಕಿ ಶಾರ್ಟ್ ಆಗುವುದೂ ಇಲ್ಲಿ ಮಾಮೂಲು. ಮಳೆಗೆಂದು ಆ ಯೂನಿಟ್‌ಗೆ ತಗಡಿನ ಡಬ್ಬಿ ಕಟ್ಟಿಸಿದವರು ದಯವಿಟ್ಟು ಬಿಚ್ಚಿಸಿ. ಅದು ಬಿಟ್ಟ ಬಿಸಿಗಾಳಿಯನ್ನು ಅದೇ ಮತ್ತೆ ಎಳೆದುಕೊಳ್ಳುತ್ತದೆ, ಕಂಪ್ರೆಸರ್ ಏದುಸಿರು ಬಿಡುತ್ತದೆ.

ಲೆಕ್ಕ ಹೀಗಿದೆ. ಒಂದೂವರೆ ಟನ್ನಿನ ಎಸಿಯ ಕಂಪ್ರೆಸರ್ ಪೂರ್ತಿ ಓಡಿದರೆ ಗಂಟೆಗೆ ಹೆಚ್ಚುಕಡಿಮೆ ಒಂದೂವರೆ ಯೂನಿಟ್ ಕರೆಂಟ್. ದಿನಕ್ಕೆ 6 ತಾಸು ಅಂದರೆ 9 ಯೂನಿಟ್, ತಿಂಗಳಿಗೆ 270. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಎಸಿ ಸ್ವಚ್ಛವಿದ್ದರೆ ಕೋಣೆ ಬೇಗ ತಣಿಯುತ್ತದೆ, ಕಂಪ್ರೆಸರ್ ಅಷ್ಟು ಓಡಬೇಕಿಲ್ಲ. 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬುದು ಸುಳ್ಳು. ಬೇಗ ಆಗುವುದಿಲ್ಲ, ನಿಲ್ಲದೆ ಓಡುತ್ತದೆ ಅಷ್ಟೇ. ಸ್ಟಾರ್ ಗುರುತಿನ ಎಸಿಗಳು ಆನ್ ಆದ ಕೂಡಲೆ 24 ಡಿಗ್ರಿಗೆ ನಿಲ್ಲಬೇಕೆಂಬ ನಿಯಮ 2020ರ ಜನವರಿಯಲ್ಲಿ ಬಂದಿದೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 26ಕ್ಕೆ ಇಟ್ಟು ಮೇಲಿನ ಫ್ಯಾನ್ ಸಣ್ಣಗೆ ಹಾಕಿಕೊಳ್ಳಿ. ಧಾರವಾಡದವರಿಗಂತೂ ನಡುರಾತ್ರಿಯ ಮೇಲೆ ಕಿಟಕಿಯ ಗಾಳಿಯೇ ಸಾಕಾಗುವ ದಿನಗಳು ಹೆಚ್ಚು. ಟೈಮರ್ ಇರುವುದೇ ಅದಕ್ಕೆ.

ಗದಗಿನ ಒಣಹವೆಗೆ ಏಪ್ರಿಲ್‌ನಲ್ಲಿ ಕೂಲರ್ ಚೆನ್ನಾಗಿ ಸಾಲುತ್ತದೆ, ಕಿಟಕಿ ಮಾತ್ರ ತೆರೆದಿರಬೇಕು. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ತೊಟ್ಟಿ ಉಜ್ಜಿ. ಡೆಂಗಿ ಸೊಳ್ಳೆ ಹುಟ್ಟುವುದು ಇಂಥ ನಿಂತ ನೀರಿನಲ್ಲೇ.

ಚಳಿಗಾಲದಲ್ಲಿ ನಮಗೆ ಕೋಣೆ ಕಾಯಿಸುವ ಯಂತ್ರ ಬೇಕಿಲ್ಲ, ಸ್ನಾನಕ್ಕೆ ಬಿಸಿನೀರಿದ್ದರೆ ಆಯಿತು. ಗೀಸರ್‌ನಲ್ಲೂ ಕಥೆ ಪದರದ್ದೇ. ಬೋರ್‌ವೆಲ್‌ನ ಗಡಸು ನೀರು ಕಾದಾಗ ಸುಣ್ಣ ಕಾಯಿಲ್‌ಗೆ ಅಂಟಿ ಕಲ್ಲಾಗುತ್ತದೆ. ನೀರು ಕಾಯುವಾಗ ಒಳಗೆ ಚಟಪಟ ಸದ್ದು ಬಂದರೆ ಬಿಚ್ಚಿಸಿ ತೆಗೆಸಿ. ಅದೇ ಹೊತ್ತಿಗೆ ಮೆಗ್ನೀಸಿಯಂ ಸರಳನ್ನೂ ನೋಡಿಸಿ. ಟ್ಯಾಂಕಿನ ಬದಲು ತಾನು ಸವೆಯಲೆಂದೇ ಅದನ್ನು ಇಟ್ಟಿರುತ್ತಾರೆ. ಸವೆದು ಮುಗಿದಿದ್ದರೆ ಮುಂದೆ ತೂತು ಬೀಳುವುದು ಟ್ಯಾಂಕಿಗೇ. ತಣ್ಣೀರು ಬೆರೆಸಿಯೇ ಸ್ನಾನ ಮಾಡುವವರು 75 ಡಿಗ್ರಿಗೆ ಕಾಯಿಸುವುದೇಕೆ? 55, 60 ಸಾಕು. ಸುಣ್ಣವೂ ನಿಧಾನ ಕೂರುತ್ತದೆ.

ಇನ್ನು ನಿಜಕ್ಕೂ ಗ್ಯಾಸ್ ಸೋರಿದ್ದರೆ ತೂತು ಸಿಗುವವರೆಗೆ ಹಾಕಿಸಬೇಡಿ. ಪೈಪು ಕೂಡುವ ನಟ್ಟಿನ ಸುತ್ತ ಎಣ್ಣೆಯ ಕಲೆ ಇದೆಯೇ ನೋಡಿ, ನೈಟ್ರೋಜನ್ ತುಂಬಿಸಿ ಸೋಪಿನ ನೀರು ಹಚ್ಚಲು ಹೇಳಿ. ಸೋರಿಕೆ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನ ಗಾಳಿ, ತೇವ ಎಳೆಯಲೇಬೇಕು. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಹೊರಗಿನ ಯೂನಿಟ್‌ನ ಚೀಟಿಯ ಮೇಲೆ ಬರೆದಿರುತ್ತದೆ. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಅಷ್ಟೇ ತೂಕ ತುಂಬಬೇಕು. ಈಗಿನ ಎಸಿಗಳಲ್ಲಿ ಹೆಚ್ಚಾಗಿರುವ ಆರ್-32 ಬೆಂಕಿ ಹಿಡಿಯಬಲ್ಲದು, ಹಳೆಯ ಗ್ಯಾಸಿನಂತೆ ಅಸಡ್ಡೆ ಮಾಡುವಂತಿಲ್ಲ. ಅದರ ಒಂದು ಕಿಲೋ ಗಾಳಿಗೆ ಹೋದರೆ 675 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಕಾಯುತ್ತದೆ. ತಕ್ಕಡಿ ತರದೆ ಬಂದವರಿಗೆ "ನಾಳೆ ತಕ್ಕಡಿ ತಗೊಂಡ ಬರ್ರಿ" ಎನ್ನಿ. ಬಿಲ್ಲಿನಲ್ಲಿ ಗ್ಯಾಸಿನ ಹೆಸರು, ಗ್ರಾಂ, ಸೋರಿಕೆ ಎಲ್ಲಿತ್ತು ಎಂಬುದನ್ನು ಬರೆಸಿಕೊಂಡು ಆಮೇಲೆ ದುಡ್ಡು ಕೊಡಿ.