ಅಮೆರಿಕದ ಶಸ್ತ್ರ ಮಾರಾಟ: ಕಾಂಗ್ರೆಸ್ ಕೈಯಲ್ಲಿ ನಿಜಕ್ಕೂ ಏನಿದೆ?

ಮೊದಲೇ ಹೇಳಿಬಿಡುತ್ತೇನೆ, ಈ ಟಿಪ್ಪಣಿಯಲ್ಲಿ ಕಾಂಗ್ರೆಸ್ ಅಂದರೆ ಅಮೆರಿಕದ ಸಂಸತ್ತು. ಸೆನೆಟ್, ಪ್ರತಿನಿಧಿ ಸಭೆ ಎರಡೂ ಸೇರಿ. ಪಕ್ಷದ ಹೆಸರು ತಲೆಗೆ ಬಂದರೆ ಮುಂದಿನದೆಲ್ಲ ಗೊಂದಲ ಆಗುತ್ತೆ.

ಅಮೆರಿಕ ಬೇರೆ ದೇಶಕ್ಕೆ ಯುದ್ಧವಿಮಾನ ಮಾರಬೇಕಾದರೆ ಕಾಂಗ್ರೆಸ್ ಒಪ್ಪಿಗೆ ಬೇಕು ಅಂತ ನಾನು ಮೊದಲ ಸಲ ನೋಟ್ಸಲ್ಲಿ ಬರೆದುಕೊಂಡಿದ್ದೆ. ಪತ್ರಿಕೆಗಳಲ್ಲೂ 'ಕಾಂಗ್ರೆಸ್ ಅನುಮೋದನೆ' ಅಂತಲೇ ಬರುತ್ತೆ ಅಲ್ವಾ? ಕಾನೂನು ಓದಿದಾಗ ಆ ಸಾಲು ಹೊಡೆದುಹಾಕಬೇಕಾಯಿತು. ಕಾಂಗ್ರೆಸ್ 'ಹೂಂ' ಅನ್ನಬೇಕಿಲ್ಲ. ಸುಮ್ಮನೆ ಕೂತರೂ ಸಾಕು, ಮಾರಾಟ ಮುಂದೆ ಹೋಗುತ್ತದೆ. ಬೇಡ ಅನ್ನುವುದಾದರೆ ಮಾತ್ರ ಬೆವರು ಹರಿಸಬೇಕು. 'ಮೌನಂ ಸಮ್ಮತಿ ಲಕ್ಷಣಂ' ಅಂತಾರಲ್ಲ, ಅದನ್ನೇ ಕಾನೂನು ಮಾಡಿಟ್ಟ ಹಾಗೆ.

ಆ ಕಾನೂನು 1976ರ ಶಸ್ತ್ರ ರಫ್ತು ನಿಯಂತ್ರಣ ಕಾಯ್ದೆ. ನಾವು ಓದಬೇಕಾದ್ದು ಅದರ 36ನೇ ಕಲಮು. ಮಾರಾಟದ ಬೆಲೆ ಒಂದು ಮಿತಿ ದಾಟಿದರೆ ಸರ್ಕಾರ ಕಾಂಗ್ರೆಸ್‌ಗೆ ಮೊದಲೇ ನೋಟಿಸ್ ಕೊಡಬೇಕು. ವರ್ಷಗಟ್ಟಲೆ ನಡೆದುಬಂದ ಮಿತಿ ಹೀಗಿದೆ: ದೊಡ್ಡ ಯುದ್ಧ ಸಾಮಗ್ರಿಗೆ 1.4 ಕೋಟಿ ಡಾಲರ್, ಉಳಿದ ಸಾಮಗ್ರಿ ಮತ್ತು ಸೇವೆಗೆ 5 ಕೋಟಿ ಡಾಲರ್. ನೋಟಿಸ್ ಕೊಟ್ಟು 30 ದಿನ ಕಾಯಬೇಕು. ನೇಟೊ ದೇಶಗಳು, ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ, ಇಸ್ರೇಲ್, ನ್ಯೂಜಿಲೆಂಡ್‌ಗಾದರೆ ಮಿತಿ ಹೆಚ್ಚು (2.5 ಕೋಟಿ ಮತ್ತು 10 ಕೋಟಿ), ಕಾಯುವುದು 15 ದಿನ ಮಾತ್ರ. ಭಾರತ ಈ ಪಟ್ಟಿಯಲ್ಲಿಲ್ಲ.

ಒಂದು ನೋಟಿಸನ್ನು ಹತ್ತಿರದಿಂದ ನೋಡಿದರೆ ವಿಷಯ ಬೇಗ ಹಿಡಿಯುತ್ತೆ. 2024ರ ಫೆಬ್ರುವರಿ 1ರಂದು ಭಾರತಕ್ಕೆ ಡ್ರೋನ್ ಮಾರುವ ನೋಟಿಸ್ ಹೋಯಿತು. ಅದರಲ್ಲಿ 31 ಎಂಕ್ಯೂ-9ಬಿ ಡ್ರೋನ್, 170 ಹೆಲ್‌ಫೈರ್ ಕ್ಷಿಪಣಿ, 310 ಸಣ್ಣ ಬಾಂಬು. ಅಂದಾಜು ಬೆಲೆ 399 ಕೋಟಿ ಡಾಲರ್. ಮುಖ್ಯ ಗುತ್ತಿಗೆದಾರ ಜನರಲ್ ಅಟಾಮಿಕ್ಸ್. ಕೆಳಗೆ ಒಂದು ಸಿದ್ಧ ವಾಕ್ಯ: ಈ ಮಾರಾಟದಿಂದ ಆ ಪ್ರದೇಶದ ಮೂಲ ಮಿಲಿಟರಿ ಸಮತೋಲನ ಬದಲಾಗುವುದಿಲ್ಲ. ಯಾವ ದೇಶದ ನೋಟಿಸ್ ತೆಗೆದರೂ ಈ ಸಾಲು ಹೆಚ್ಚುಕಡಿಮೆ ಹಾಗೇ ಇರುತ್ತೆ. ನೂರಾರು ಕೋಟಿ ಡಾಲರಿನ ಆಯುಧ ಹೋದರೂ ಏನೂ ಬದಲಾಗಲ್ಲವಂತೆ! ಇನ್ನೊಂದು ಗಮನಿಸಿ: ನೋಟಿಸಿನ ಬೆಲೆ ಮೇಲ್ಮಿತಿ, ಕೊನೆಗೆ ಕುದುರಿದ ದರವಲ್ಲ.

ಇನ್ನು 'ಬೇಡ' ಅನ್ನುವ ದಾರಿ. ಇಲ್ಲೇ ಕಥೆ ತಿರುಗುವುದು.

ಮೊದಲು ಕಾಂಗ್ರೆಸ್ ಕೈಲಿ ಗಟ್ಟಿ ಆಯುಧವೇ ಇತ್ತು. ಎರಡೂ ಸದನ ಕಾನ್‌ಕರೆಂಟ್ ರೆಸಲ್ಯೂಷನ್ ಪಾಸು ಮಾಡಿದರೆ ಮಾರಾಟ ನಿಂತುಹೋಗುತ್ತಿತ್ತು. ಅಧ್ಯಕ್ಷರ ಸಹಿಯೇ ಬೇಕಿರಲಿಲ್ಲ. 1981ರಲ್ಲಿ ರೇಗನ್ ಸರ್ಕಾರ ಸೌದಿ ಅರೇಬಿಯಾಕ್ಕೆ 5 ಅವಾಕ್ಸ್ (ಆಕಾಶದಿಂದಲೇ ರಾಡಾರ್ ಕಣ್ಗಾವಲು ಇಡುವ) ವಿಮಾನ ಮಾರಲು ಹೊರಟಾಗ ಇದೇ ಭಯ ಇತ್ತು. ಪ್ರತಿನಿಧಿ ಸಭೆ 301-111ರಿಂದ ಬೇಡ ಅಂದೇಬಿಟ್ಟಿತು. ರೇಗನ್ ಸೆನೆಟರುಗಳನ್ನು ಒಬ್ಬೊಬ್ಬರಾಗಿ ಒಲಿಸಿಕೊಂಡರು. ಸೆನೆಟ್‌ನಲ್ಲಿ ವಿರೋಧದ ನಿರ್ಣಯ 48-52ರಿಂದ ಬಿದ್ದುಹೋಯಿತು.

ಆ ಆಯುಧ ಮುರಿದದ್ದು ಶಸ್ತ್ರಕ್ಕೆ ಸಂಬಂಧವೇ ಇಲ್ಲದ ಕೇಸಿನಲ್ಲಿ. ಜಗದೀಶ್ ರಾಯ್ ಚಡ್ಢಾ ಅಂತ, ಕೆನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದವರು. ವಿದ್ಯಾರ್ಥಿ ವೀಸಾ ಮುಗಿದ ಮೇಲೂ ಅಮೆರಿಕದಲ್ಲಿ ಉಳಿದಿದ್ದರು. ವಲಸೆ ನ್ಯಾಯಾಧೀಶರು ಅವರ ಗಡೀಪಾರು ತಡೆದರು. ಪ್ರತಿನಿಧಿ ಸಭೆ ಒಂದೇ ನಿರ್ಣಯದಲ್ಲಿ ಆ ತಡೆಯನ್ನು ರದ್ದು ಮಾಡಿತು. 1983ರಲ್ಲಿ ಸುಪ್ರೀಂ ಕೋರ್ಟ್, ಇದು ಸಂವಿಧಾನಕ್ಕೆ ವಿರುದ್ಧ ಅಂದಿತು. ಕಾನೂನಿನಷ್ಟು ಬಲ ಇರಬೇಕಾದರೆ ಎರಡೂ ಸದನ ಪಾಸು ಮಾಡಬೇಕು, ಆಮೇಲೆ ಅಧ್ಯಕ್ಷರ ಮುಂದೆ ಹೋಗಬೇಕು. ಒಬ್ಬರ ವೀಸಾ ತಕರಾರಿನಲ್ಲಿ ಕ್ಷಿಪಣಿ, ವಿಮಾನಗಳ ಲೆಕ್ಕವೂ ಬದಲಾಯಿತು. ಪರೀಕ್ಷೆಗೆ ಓದುವವರು ಈ ಕೊಂಡಿಯನ್ನು ಬಿಡಬೇಡಿ, ನನಗೆ ಇಡೀ ಅಧ್ಯಾಯ ನೆನಪಲ್ಲಿ ಉಳಿದದ್ದೇ ಇದರಿಂದ.

1986ರ ಫೆಬ್ರುವರಿಯಲ್ಲಿ ಕಾಯ್ದೆ ತಿದ್ದಿದರು. ಈಗ ಬೇಕಾದ್ದು ಜಾಯಿಂಟ್ ರೆಸಲ್ಯೂಷನ್. ಅದು ಅಧ್ಯಕ್ಷರ ಸಹಿಗೆ ಹೋಗುತ್ತೆ. ಮಾರಲು ಹೊರಟವರೇ ಅವರು, ಸಹಿ ಹಾಕ್ತಾರಾ? ವೀಟೊ ಮಾಡ್ತಾರೆ. ವೀಟೊ ದಾಟಲು ಎರಡೂ ಸದನಗಳಲ್ಲಿ ಮೂರನೇ ಎರಡು ಮತ ಬೇಕು. ಸೆನೆಟ್‌ನ 100 ಜನರೂ ಮತ ಹಾಕಿದರೆ 67. ತಿರುಗಿಸಿ ಹೇಳಿದರೆ, ಅಧ್ಯಕ್ಷರಿಗೆ 34 ಸೆನೆಟರುಗಳು ಸಾಕು.

ಸುಮ್ನೆ ಲೆಕ್ಕಕ್ಕೆ ಹೇಳಿದ್ದಲ್ಲ ಇದು. ಅದೇ ವರ್ಷ ಸೌದಿಗೆ ಕ್ಷಿಪಣಿ ಮಾರುವುದನ್ನು ಸೆನೆಟ್ 73-22, ಪ್ರತಿನಿಧಿ ಸಭೆ 356-62ರಿಂದ ತಿರಸ್ಕರಿಸಿದವು. ರೇಗನ್ ವೀಟೊ ಹಾಕಿದರು, ಜೊತೆಗೆ ಹೆಚ್ಚು ತಕರಾರಿದ್ದ ಸ್ಟಿಂಗರ್ ಕ್ಷಿಪಣಿಗಳನ್ನು ಪಟ್ಟಿಯಿಂದ ಕೈಬಿಟ್ಟರು. ಜೂನ್‌ನಲ್ಲಿ ಸೆನೆಟ್ ಮತ್ತೆ ಮತ ಹಾಕಿದಾಗ 66-34. ಒಂದೇ ಒಂದು ಮತ ಕಡಿಮೆ! ಹೀಗೆ ನಿರ್ಣಯದ ದಾರಿಯಲ್ಲಿ ಕಾಂಗ್ರೆಸ್ ಇದುವರೆಗೆ ಒಂದು ಮಾರಾಟವನ್ನೂ ನಿಲ್ಲಿಸಿಲ್ಲ.

ಕಾಯುವ ಅವಧಿಯನ್ನೇ ಹಾರಿಹೋಗುವ ಬಾಗಿಲೂ ಇದೆ. ತುರ್ತು ಪರಿಸ್ಥಿತಿ ಇದೆ ಅಂತ ಅಧ್ಯಕ್ಷರು ಕಾರಣ ಬರೆದುಕೊಟ್ಟರೆ 30 ದಿನ ಕಾಯಬೇಕಿಲ್ಲ. 2019ರ ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಇರಾನ್ ಬೆದರಿಕೆ ಇದೆ ಅಂತ ಸೌದಿ, ಯುಎಇ, ಜೋರ್ಡಾನ್‌ಗೆ ಸಂಬಂಧಿಸಿದ 22 ಮಾರಾಟಗಳನ್ನು ಹೀಗೇ ದಾಟಿಸಿತು. ಒಟ್ಟು ಸುಮಾರು 810 ಕೋಟಿ ಡಾಲರ್. ಕಾಂಗ್ರೆಸ್ ಪಾಸು ಮಾಡಿ ಕಳಿಸಿದ 3 ನಿರ್ಣಯಗಳಿಗೂ ವೀಟೊ ಬಿತ್ತು, ವೀಟೊ ದಾಟುವ ಮತದಲ್ಲಿ ಸೆನೆಟ್‌ನಲ್ಲಿ ಮೂರೂ ಸೋತವು. 2023ರ ಡಿಸೆಂಬರ್‌ನಲ್ಲಿ ಬೈಡನ್ ಸರ್ಕಾರವೂ ಇಸ್ರೇಲ್‌ಗೆ 13,981 ಟ್ಯಾಂಕ್ ಗುಂಡು ಕಳಿಸಲು ಇದೇ ಬಾಗಿಲು ತೆಗೆಯಿತು. ಪಕ್ಷ ಯಾವುದಾದರೇನು, ಬಾಗಿಲು ಒಂದೇ.

ಮಿತಿಯ ಕೆಳಗೆ ನುಸುಳುವುದು ಇನ್ನೊಂದು. 2019ರ ಆ ತುರ್ತು ಘೋಷಣೆ ಬಗ್ಗೆ ವಿದೇಶಾಂಗ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ (ಇಲಾಖೆಯ ಒಳತನಿಖಾಧಿಕಾರಿ) 2020ರಲ್ಲಿ ಕೊಟ್ಟ ವರದಿ ಪ್ರಕಾರ, ಸೌದಿ ಮತ್ತು ಯುಎಇಗೆ ಸಂಬಂಧಿಸಿ ನೋಟಿಸ್ ಬೇಕಿಲ್ಲದಷ್ಟು ಸಣ್ಣ 4,221 ವರ್ಗಾವಣೆಗಳಿಗೆ ಒಪ್ಪಿಗೆ ಸಿಕ್ಕಿತ್ತು. ಒಟ್ಟು ಸುಮಾರು 1,120 ಕೋಟಿ ಡಾಲರ್. ಹನಿ ಹನಿ ಸೇರಿದರೆ ಹಳ್ಳ!

ಹಾಗಾದರೆ ಕಾಂಗ್ರೆಸ್ ಬರೀ ಬೊಂಬೆಯಾ? ಅಲ್ಲ. ಅದರ ನಿಜವಾದ ಹಿಡಿತ ಇರುವುದು ನೋಟಿಸ್ ಬರುವುದಕ್ಕಿಂತ ಮುಂಚೆ. ಸರ್ಕಾರ ಅಧಿಕೃತ ನೋಟಿಸ್ ಕೊಡುವ ಮೊದಲು, ಎರಡೂ ಸದನಗಳ ವಿದೇಶಾಂಗ ಸಮಿತಿಗಳಿಗೆ ಅನೌಪಚಾರಿಕವಾಗಿ ತೋರಿಸುವ ವಾಡಿಕೆ ಇದೆ. ಪ್ರತಿ ಸಮಿತಿಯ ಅಧ್ಯಕ್ಷರು ಮತ್ತು ಆ ಸದನದಲ್ಲಿ ಕಡಿಮೆ ಸದಸ್ಯರಿರುವ ಪಕ್ಷದ ಹಿರಿಯ ಸದಸ್ಯರು, ಒಟ್ಟು ನಾಲ್ಕು ಜನ. ಇವರಲ್ಲಿ ಒಬ್ಬರು 'ಸ್ವಲ್ಪ ತಡೆಯಿರಿ' ಅಂದರೂ ಕಡತ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತೆ. ಇದಕ್ಕೆ 'ಹೋಲ್ಡ್' ಅಂತಾರೆ. ಕಾನೂನಿನಲ್ಲಿ ಈ ಮಾತೇ ಇಲ್ಲ, ಬೇಕೆಂದರೆ ಸರ್ಕಾರ ಮೀರಬಹುದು. ಆದರೆ ಆ ಸಮಿತಿಯವರ ಹತ್ತಿರ ನಾಳೆ ಮತ್ತೆ ಹೋಗಬೇಕಲ್ಲ, ಅದಕ್ಕೇ ಸಾಮಾನ್ಯವಾಗಿ ಮೀರುವುದಿಲ್ಲ.

ಟರ್ಕಿಯ ಎಫ್-16 ವಿಮಾನಗಳು ಹೀಗೇ ಸಿಕ್ಕಿಹಾಕಿಕೊಂಡಿದ್ದವು. ಸ್ವೀಡನ್ ನೇಟೊ ಸೇರಲು ಟರ್ಕಿ ಒಪ್ಪಿದ ಬೆನ್ನಿಗೇ, 2024ರ ಜನವರಿ 26ರಂದು, 40 ಹೊಸ ವಿಮಾನಗಳ ನೋಟಿಸ್ ಹೊರಬಿತ್ತು. ಮೇಲೆ ಹೇಳಿದ ಭಾರತದ ಡ್ರೋನ್ ನೋಟಿಸ್ ಹೊರಡುವ ಮುಂಚೆಯೂ ಸೆನೆಟ್ ಸಮಿತಿಯ ಆಗಿನ ಅಧ್ಯಕ್ಷ ಬೆನ್ ಕಾರ್ಡಿನ್ ತಿಂಗಳುಗಟ್ಟಲೆ ಸರ್ಕಾರದ ಜೊತೆ ಮಾತಾಡಿದ್ದರು. ಅಮೆರಿಕದ ನೆಲದಲ್ಲಿ ಒಬ್ಬ ಸಿಖ್ ಪ್ರತ್ಯೇಕತಾವಾದಿಯ ಕೊಲೆಗೆ ಸಂಚು ನಡೆದಿತ್ತೆಂಬ ಆರೋಪದ ತನಿಖೆಗೆ ಭಾರತ ಸಹಕರಿಸುತ್ತದೆ ಅನ್ನುವ ಭರವಸೆ ಸಿಕ್ಕ ಮೇಲೇ ಅವರು ದಾರಿ ಬಿಟ್ಟದ್ದು.